ಐದನೇ ಗುಡ್ಡೆ

ಕರ್ನಾಟಕ ಸರ್ಕಾರದ ರಜಾ ಪಟ್ಟಿಯಲ್ಲಿ ಯುಗಾದಿ ಇದೆ. ಯುಗಾದಿಯ ಮಾರನೇ ದಿನ ಇಲ್ಲ. ಆದರೂ ನಿಮ್ಮ ಟೀಮಿನಲ್ಲಿ ಹೊಸಕೋಟೆ, ಮಾಲೂರು, ಆನೇಕಲ್, ರಾಮನಗರ, ಮಂಡ್ಯ ಕಡೆಯವರು ಯಾರಾದರೂ ಇದ್ದರೆ ಅವತ್ತು ಅವರ ಸೀಟು ನೋಡಿ. ಖಾಲಿ ಇರುತ್ತೆ. ಕೆಲವರು ಮೊದಲೇ ಲೀವ್ ಹಾಕಿರ್ತಾರೆ, ಕೆಲವರಿಗೆ ಬೆಳಿಗ್ಗೆ ಎದ್ದ ತಕ್ಷಣ ಜ್ವರ ಬಂದಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಮುದ್ದೆ, ಬಾಡಿನ ಸಾರಿನ ಸ್ಟೇಟಸ್ ಹಾಕಿ ತಾವೇ ಸಿಕ್ಕಿಬೀಳ್ತಾರೆ.

ಆ ದಿನದ ಹೆಸರು ಹೊಸತೊಡಕು. ಕೆಲವು ಕಡೆ ವರ್ಷತೊಡಕು. ತೊಡಗು, ಅಂದರೆ ಶುರುಮಾಡು ಅನ್ನೋ ಮಾತೇ ಜನರ ಬಾಯಲ್ಲಿ ತೊಡಕು ಆಗಿದೆ ಅನ್ನೋರಿದ್ದಾರೆ. ಅವತ್ತು ಏನು ಮಾಡ್ತೀವೋ ಅದೇ ವರ್ಷಪೂರ್ತಿ ನಮ್ಮನ್ನ ಸುತ್ತಿಕೊಳ್ಳುತ್ತೆ ಅನ್ನೋ ನಂಬಿಕೆಯೂ ಇದೆ. ಅದಕ್ಕೇ ನಮ್ಮಜ್ಜಿ ಅವತ್ತು ಮಕ್ಕಳಿಗೆ ಬೈತಿರಲಿಲ್ಲ. ಗಂಡಸರು ಇಸ್ಪೀಟು ಹಿಡಿದು ಕೂತರೂ ಏನೂ ಅಂತಿರಲಿಲ್ಲ. ಒಲೆ ಮೇಲೆ ಮಾತ್ರ ಅವತ್ತು ಬಾಡು ಬೇಯಲೇಬೇಕಿತ್ತು. ಮೊದಲ ದಿನ ಬೇವು ಬೆಲ್ಲ, ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಮಾರನೇ ದಿನ ಬೆಳಿಗ್ಗೆ ಬೋಟಿ ಗೊಜ್ಜು, ಮಧ್ಯಾಹ್ನ ಮುದ್ದೆ ಜೊತೆ ಸಾರು, ಕೈಮ ಉಂಡೆ, ರಾತ್ರಿಗೆ ಕಾಲು ಸೂಪು.

ನನ್ನನ್ನ ಬಹಳ ದಿನ ಕಾಡಿದ ಪ್ರಶ್ನೆ ಒಂದೇ. ಈಗ ಮಾಂಸ ಅಪರೂಪದ ವಸ್ತು ಅಲ್ಲ. ಫೋನಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತೆ. ಭಾನುವಾರ ಭಾನುವಾರ ತಿಂತೀವಿ. ಹಾಗಿದ್ದೂ ಈ ಒಂದು ಊಟಕ್ಕಾಗಿ ಜನ ನಸುಕಿಗೇ ಎದ್ದು ಮಟನ್ ಅಂಗಡಿ ಮುಂದೆ ಕ್ಯೂ ನಿಲ್ತಾರೆ. ಮೈಸೂರು ರಸ್ತೆಯ ಬಾಪೂಜಿನಗರದ ಕ್ಯೂ ತೋರಿಸೋಕೆ ಟೀವಿಯವರು ಪ್ರತಿ ವರ್ಷ ಕ್ಯಾಮೆರಾ ಹೊತ್ತು ಹೋಗ್ತಾರೆ. ಈ ಊಟ ತಪ್ಪಿದರೆ ವರ್ಷವೆಲ್ಲ ಏನೋ ಕಳಕೊಂಡ ಹಾಗೆ ಅನಿಸೋದು ಯಾಕೆ? ರುಚಿ ಅನ್ನಬಹುದು, ನೆನಪು ಅನ್ನಬಹುದು. ಎರಡೂ ಸುಳ್ಳಲ್ಲ. ಆದರೆ ಅದಕ್ಕಿಂತ ಹಳೇದಾದ ಕಾರಣ ಒಂದಿದೆ. ಅದು ತಟ್ಟೆಯಲ್ಲಿ ಸಿಗಲ್ಲ, ಅದಕ್ಕೂ ಮುಂಚಿನ ಗುಡ್ಡೆಯಲ್ಲಿ ಸಿಗುತ್ತೆ.

ಗುಡ್ಡೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಕೃಷ್ಣರಾಜಪುರ ಅಂದರೆ ಈಗ ನಿಮಗೆ ಗೊತ್ತಿರೋದು ತೂಗುಸೇತುವೆ, ಟಿನ್ ಫ್ಯಾಕ್ಟರಿ ಟ್ರಾಫಿಕ್, ಮೆಟ್ರೋ. ನಮ್ಮಜ್ಜನ ಕಾಲಕ್ಕೆ ಇದು ಹೋಬಳಿ ಕೇಂದ್ರ, ಮಂಗಳವಾರ ಸಂತೆ ಸೇರೋ ಊರು. ಕೆರೆ ಕೆಳಗೆ ಭತ್ತ, ಮೇಲಿನ ಹೊಲದಲ್ಲಿ ರಾಗಿ. ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ಕಡೆಗೆ ಹೋಗ್ತಾ ಸಿಗೋ ಎಲೆಮಲ್ಲಪ್ಪ ಶೆಟ್ಟಿ ಕೆರೆ ಒಬ್ಬ ವೀಳ್ಯದೆಲೆ ವ್ಯಾಪಾರಿ ಕೈಯಿಂದ ದುಡ್ಡು ಹಾಕಿ ಕಟ್ಟಿಸಿದ್ದು. ಅಂಥ ಕೆರೆಗಳ ಮೇಲೇ ಊರಿನ ವರ್ಷ ನಿಂತಿತ್ತು. ಮಳೆಗಾಲದಲ್ಲಿ ಬಿತ್ತಿದ ರಾಗಿ ಚಳಿಗಾಲಕ್ಕೆ ಕಣಕ್ಕೆ ಬಂದು, ಹಗೇವಿಗೋ ವಾಡೆಗೋ ಸೇರಿ, ಯುಗಾದಿ ಹೊತ್ತಿಗೆ ರೈತನ ಕೈ ಖಾಲಿ, ಹೊಲ ಖಾಲಿ. ಹಳೇ ವರ್ಷದ ಲೆಕ್ಕ ಮುಗಿದು, ಹೊಸ ಬೇಸಾಯ ಇನ್ನೂ ಶುರುವಾಗಿರದ ದಿನಗಳು ಅವು. ಬಾಡೂಟಕ್ಕೆ ಅದಕ್ಕಿಂತ ಒಳ್ಳೇ ಹೊತ್ತಿಲ್ಲ.

ಆದರೆ ಒಂದು ಮನೆಗೆ ಒಂದು ಇಡೀ ಕುರಿ ಜಾಸ್ತಿ. ಫ್ರಿಜ್ ಇರಲಿಲ್ಲ, ಅಷ್ಟು ದುಡ್ಡೂ ಇರಲಿಲ್ಲ. ಹಾಗಾಗಿ ಹತ್ತು ಹನ್ನೆರಡು ಮನೆಯವರು ಸೇರಿ ಕುರಿ ತರೋರು. ವರ್ಷವಿಡೀ ಸ್ವಲ್ಪ ಸ್ವಲ್ಪ ಕಟ್ಟಿಟ್ಟ ಚೀಟಿ ದುಡ್ಡಿನಲ್ಲಿ ತರೋದೂ ಉಂಟು. ಈಗಲೂ ನಮ್ಮ ಕಡೆ ಯುಗಾದಿ ಚೀಟಿ ನಡೆಯುತ್ತೆ, ದುಡ್ಡು ಯುಪಿಐನಲ್ಲಿ ಹೋಗುತ್ತೆ ಅಷ್ಟೇ. ಹೊಸತೊಡಕಿನ ನಸುಕಿನಲ್ಲಿ ಕೊಯ್ದು, ಬಾಳೆ ಎಲೆ ಮೇಲೋ ಟಾರ್ಪಾಲಿನ ಮೇಲೋ ಮಾಂಸವನ್ನ ಸಮಸಮವಾಗಿ ರಾಶಿ ಹಾಕೋರು. ಅದೇ ಗುಡ್ಡೆ. ಎಷ್ಟು ಮನೆಯೋ ಅಷ್ಟು ಗುಡ್ಡೆ. ತಕ್ಕಡಿ ಇಲ್ಲ, ಕಣ್ಣಳತೆ. ಪ್ರತಿ ಗುಡ್ಡೆಗೂ ಸ್ವಲ್ಪ ತೊಡೆ, ಸ್ವಲ್ಪ ಪಕ್ಕೆಲುಬು, ಒಂದು ಚೂರು ಲಿವರ್, ಒಂದು ಹಿಡಿ ಬೋಟಿ. ಮೆತ್ತಗಿರೋದೆಲ್ಲ ಒಬ್ಬರಿಗೆ, ಮೂಳೆಯೆಲ್ಲ ಇನ್ನೊಬ್ಬರಿಗೆ ಅನ್ನೋ ಹಾಗಿಲ್ಲ. ನಮ್ಮ ಕಡೆ ಒಂದು ಕಟ್ಟಳೆ ಇತ್ತು: ಗುಡ್ಡೆ ಹಾಕಿದವನು ತನ್ನದನ್ನ ಕೊನೆಗೆ ತಗೋಬೇಕು. ಅಷ್ಟು ಸಾಕು, ಎಲ್ಲ ಗುಡ್ಡೆಯೂ ತಾನಾಗೇ ಸಮ ಆಗೋದು.

ಇಲ್ಲಿ ಒಂದು ವಿಷಯ ಗಮನಿಸಿ. ಗುಡ್ಡೆ ಸಿಗೋದು ಮನೆಗೆ, ತಲೆಗಲ್ಲ. ಪ್ರತ್ಯೇಕ ಒಲೆ ಇರೋ ಪ್ರತಿ ಮನೆಗೆ ಒಂದು. ನೆಂಟರು, ಗೆಳೆಯರು, ಕೆಲಸದವರು ಎಲ್ಲರಿಗೂ ಅವತ್ತು ಊಟ ಉಂಟು, ಡಬ್ಬಿ ತುಂಬಾ ಸಾರೂ ಉಂಟು. ಆದರೆ ಅವರಿಗೆ ಸಿಗೋದು ಬೇಯಿಸಿದ್ದು. ಹಸಿ ಮಾಂಸದ ಗುಡ್ಡೆ ಸಿಗೋದು ಪಾಲಿರೋ ಮನೆಗೆ ಮಾತ್ರ. ಬೇಯಿಸಿದ್ದು ಕೊಟ್ಟರೆ ನೆಂಟಸ್ತನ, ಹಸಿದು ಕೊಟ್ಟರೆ ಪಾಲುದಾರಿಕೆ. ಈ ವ್ಯತ್ಯಾಸವನ್ನ ಯಾರೂ ನನಗೆ ಹೇಳಿಕೊಟ್ಟಿಲ್ಲ. ಆದರೆ ಊರಲ್ಲಿ ಬೆಳೆದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು.

ಪಾಲು ಅನ್ನೋ ಮಾತು ನಮ್ಮಲ್ಲಿ ಅನ್ನಕ್ಕೂ ಜಮೀನಿಗೂ ಒಂದೇ. ದಾಯಾದಿ ಅನ್ನೋ ಮಾತನ್ನೇ ತಗೊಳ್ಳಿ. ಈಗ ಅದು ಜಗಳದ ಮಾತು. ಮೂಲದಲ್ಲಿ ದಾಯ ಅಂದರೆ ಪಾಲು, ಅದನ್ನ ಪಡೆಯೋನು ದಾಯಾದ. ಪಾಲುದಾರ ಅಂತಷ್ಟೇ ಅರ್ಥ.

ಈ ಪಾಲಿನ ಶಾಸ್ತ್ರ ಬರೆದಿದ್ದೂ ನಮ್ಮ ನೆಲದಲ್ಲೇ. ಕಲ್ಯಾಣದಿಂದ, ಅಂದರೆ ಇವತ್ತಿನ ಬಸವಕಲ್ಯಾಣದಿಂದ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಅಂತ ಒಬ್ಬ ಪಂಡಿತ ಇದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಹುಟ್ಟಿದ ಕ್ಷಣವೇ ಗಂಡು ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತೆ ಅನ್ನೋ ತತ್ವ ನ್ಯಾಯಾಲಯಗಳವರೆಗೂ ಬಂದಿದ್ದು ಈ ಗ್ರಂಥದಿಂದ. 1810ರಲ್ಲಿ ಕೋಲ್‌ಬ್ರೂಕ್ ಇದನ್ನ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಧೀಶರು ಬಂಗಾಳ, ಅಸ್ಸಾಮಿನ ಕಡೆ ಬಿಟ್ಟು ದೇಶದ ಹೆಚ್ಚಿನ ಭಾಗಕ್ಕೆ ಇದನ್ನೇ ಆಧಾರ ಮಾಡಿಕೊಂಡರು. ಬಂಗಾಳದಲ್ಲಿ ನಡೀತಿದ್ದದ್ದು ಜೀಮೂತವಾಹನನ ದಾಯಭಾಗ. ಅದರ ಪ್ರಕಾರ ಸತ್ತವರಿಗೆ ಯಾರು ಪಿಂಡ ಇಟ್ಟು ಒಳಿತು ಮಾಡಬಲ್ಲರೋ ಅವರು ವಾರಸುದಾರರು. ಪಿಂಡ ಅಂದರೆ ಅನ್ನದ ಉಂಡೆ. ವಿಜ್ಞಾನೇಶ್ವರ ಇದನ್ನ ಒಪ್ಪಲಿಲ್ಲ. ಸಪಿಂಡ ಅನ್ನೋದರಲ್ಲಿ ಪಿಂಡ ಅಂದರೆ ದೇಹ, ಒಂದೇ ದೇಹದ ಅಂಶ ಹಂಚಿಕೊಂಡವರು ಅಂತ ಅರ್ಥ ಹೇಳಿದ. ನಮ್ಮವರು ಯಾರು ಅಂತ ತೀರ್ಮಾನ ಮಾಡೋದು ಅನ್ನವೋ ರಕ್ತವೋ ಅಂತ ಸುಮಾರು 900 ವರ್ಷದ ಹಿಂದೇನೇ ಪಂಡಿತರು ವಾದ ಮಾಡಿದ್ದರು ಅಂದ ಹಾಗಾಯ್ತು.

ಅದೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ. ಅಪ್ಪನ ಆಸ್ಥಾನದಲ್ಲಿ ಆಸ್ತಿ ಪಾಲಿನ ಪುಸ್ತಕ ಬಂದರೆ, ಮಗ ಮಾನಸೋಲ್ಲಾಸ ಬರೆದ. ಅದರಲ್ಲಿ ಅನ್ನಭೋಗ ಅಂತ ಒಂದು ಭಾಗವೇ ಇದೆ. ಇಡ್ಲಿ, ದೋಸೆಗಳ ಪೂರ್ವಜರ ಜೊತೆ ಬಗೆಬಗೆಯ ಮಾಂಸದ ಅಡುಗೆಯೂ ಅಲ್ಲಿ ಸಿಗುತ್ತೆ. ರಾಜ ಯಾರನ್ನ ಜೊತೆಗೆ ಕೂರಿಸಿಕೊಂಡು ಊಟ ಮಾಡಬೇಕು ಅನ್ನೋದೂ ಅಂಥ ಆಸ್ಥಾನಗಳಲ್ಲಿ ರಾಜಕೀಯವೇ. ಒಂದೇ ಊರು, ಒಂದೇ ಮನೆತನ, ಎರಡು ತಲೆಮಾರು: ಒಂದು ಪುಸ್ತಕ ಆಸ್ತಿಗೆ, ಒಂದು ಪುಸ್ತಕ ಊಟಕ್ಕೆ. ನಮ್ಮ ಮನೆಗಳಲ್ಲಿ ಮಾತ್ರ ಇವೆರಡು ಬೇರೆ ಬೇರೆ ಪುಸ್ತಕ ಆಗಿರಲೇ ಇಲ್ಲ.

ಆಸ್ತಿಗೆ ಬೆಲೆ ಇಲ್ಲದಷ್ಟು ದಿನ ಇದು ಯಾರಿಗೂ ಕಾಣಿಸಲಿಲ್ಲ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಬಂತು. ಹೊಲದಿಂದ ಫ್ಯಾಕ್ಟರಿ ಶಿಫ್ಟಿಗೆ ಹೋದ ಮೊದಲ ತಲೆಮಾರಿಗೆ ಯುಗಾದಿ ರಜೆ ಸಿಕ್ಕರೂ ಹೊಸತೊಡಕಿಗೆ ರಜೆ ಸಿಗಲಿಲ್ಲ. ಸಿಕ್ ಲೀವಿನ ಸಂಪ್ರದಾಯ ಅವತ್ತೇ ಶುರುವಾಗಿರಬೇಕು! 90ರ ದಶಕದಲ್ಲಿ ವೈಟ್‌ಫೀಲ್ಡಿಗೆ ಟೆಕ್ ಪಾರ್ಕ್ ಬಂತು. 2007ರಲ್ಲಿ ಕೆ.ಆರ್. ಪುರ ನಗರಸಭೆ ಬಿಬಿಎಂಪಿಗೆ ಸೇರಿತು. 2023ರಲ್ಲಿ ಮೆಟ್ರೋ ಓಡಿತು. ಒಂದು ಪಲ್ಲ ರಾಗಿ ಬೆಳೆಯೋ ಹೊಲ ಅಂತ ಅಳೀತಿದ್ದ ನೆಲವನ್ನ ಚದರ ಅಡಿಯಲ್ಲಿ ಅಳೆಯೋಕೆ ಶುರುಮಾಡಿದರು. ದಾಯಾದಿ ಅನ್ನೋ ಮಾತು ನಮ್ಮ ಮನೆಗಳಲ್ಲಿ ಜಗಳದ ಮಾತಾಗಿದ್ದು ಆಗ.

ನಮ್ಮ ಮನೆ ಕಥೆ ಹೇಳ್ತೀನಿ. ಹೋಬಳಿಯ ತುಂಬಾ ಇಂಥವೇ ಕಥೆಗಳಿವೆ, ಹಾಗಾಗಿ ಇದರಲ್ಲಿ ಗುಟ್ಟೇನಿಲ್ಲ. ಅಜ್ಜ 1999ರಲ್ಲಿ ತೀರಿಕೊಂಡಾಗ ಉಳಿದಿದ್ದು 1 ಎಕರೆ 20 ಗುಂಟೆ. ನಾಲ್ಕು ಜನ ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ಗಂಡುಮಕ್ಕಳು ಬಿಳಿ ಹಾಳೆ ಮೇಲೆ ಪಾಲುಪಟ್ಟಿ ಬರೆದುಕೊಂಡು ತಲಾ 15 ಗುಂಟೆ ಅಂತ ಹಂಚಿಕೊಂಡರು. ಒಲೆ ನಾಲ್ಕಾಯಿತು. ಅವತ್ತಿಂದ ಹೊಸತೊಡಕಿಗೆ ಅಣ್ಣತಮ್ಮಂದಿರು ಸೇರಿ ಕುರಿ ತಂದು ನಾಲ್ಕು ಗುಡ್ಡೆ ಹಾಕಿಸೋರು. ಹೊಸಕೋಟೆ ಕಡೆಗೆ 1983ರಲ್ಲಿ ಮದುವೆ ಮಾಡಿಕೊಟ್ಟಿದ್ದ ಅತ್ತೆಗೆ ಗುಡ್ಡೆ ಇಲ್ಲ. ಸಾರು, ಕೈಮ ಉಂಡೆ, ಒಬ್ಬಟ್ಟು ತುಂಬಿದ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಇತ್ತು. ಚಿಕ್ಕಪ್ಪ ಅದನ್ನ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬರೋರು.

ಕಾನೂನು ಈ ನಡುವೆ ಬದಲಾಗ್ತಾ ಇತ್ತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದ ಹಕ್ಕು ಅಂತ ತಿದ್ದುಪಡಿ ಜಾರಿಗೆ ತಂದಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರಿಗೆ ಅದು ಇರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು, ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಷ್ಟೇ ಪಾಲುದಾರಳು ಅಂದಿತು. ಮಾರನೇ ವರ್ಷ ಅತ್ತೆ ದಾವೆ ಹಾಕಿದರು. ಕ್ಯಾರಿಯರ್ ಅಟ್ಟ ಸೇರಿತು.

ಹದಿನೈದು ವರ್ಷ ಅದು ಅಟ್ಟದಲ್ಲೇ ಇತ್ತು. 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋಗಿದ್ದ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ, 2005ರ ಆ ದಿನ ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಜ್ಜ ಹೋಗಿ ಆಗಲೇ 16 ವರ್ಷ ಆಗಿತ್ತು. ಕೇಸು ಬಿದ್ದುಹೋಯ್ತು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ದೊಡ್ಡಪ್ಪ ಮುಂದಿನ ವರ್ಷದ ಹೊಸತೊಡಕಿಗೆ ಜೋರಾಗೇ ಖರ್ಚು ಮಾಡಿದರು. ಊಟಕ್ಕೆ ಕೂತಾಗ ಮಾತ್ರ ಯಾರೂ ಅತ್ತೆ ಹೆಸರು ಎತ್ತಲಿಲ್ಲ. ಐದು ಮಕ್ಕಳಲ್ಲಿ ಮೊದಲನೆಯವರು ಅವರು. ನಮ್ಮಪ್ಪನನ್ನ ಕಂಕುಳಲ್ಲಿ ಎತ್ತಿ ಬೆಳೆಸಿದವರು. ಹಬ್ಬದ ಊಟದಲ್ಲಿ ಒಬ್ಬರ ಹೆಸರು ಎತ್ತದೇ ಇರೋಕೆ ಎಷ್ಟು ಕಷ್ಟಪಡಬೇಕು ಅಂತ ನನಗೆ ಅವತ್ತು ಗೊತ್ತಾಯಿತು. ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಮಾತಾಡಿಕೊಂಡೇ ಮುದ್ದೆ ಮುಗಿಸಿದರು.

2020ರ ಯುಗಾದಿ ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನ. ಆ ಹೊಸತೊಡಕಿಗೆ ಒಂದೇ ಬೀದಿಯಲ್ಲಿದ್ದ ಅಣ್ಣತಮ್ಮಂದಿರೂ ಒಟ್ಟಿಗೆ ಕೂರಲಿಲ್ಲ. ಆ ವರ್ಷ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಂತು. ಹಕ್ಕು ಹುಟ್ಟಿನಿಂದ ಬರೋದು, 2005ರಲ್ಲಿ ಅಪ್ಪ ಇದ್ದನೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ ಅಂದಿತು ನ್ಯಾಯಾಲಯ. ನಮ್ಮವರ ಬಿಳಿ ಹಾಳೆಯ ಪಾಲುಪಟ್ಟಿ ನೋಂದಣಿ ಆಗಿರಲಿಲ್ಲ, ಅದು ಅವರನ್ನ ಕಾಪಾಡಲಿಲ್ಲ. ಮುಂದಿನ ವರ್ಷ ರಾಜಿ ಆಯಿತು. 60 ಗುಂಟೆ, ಐದು ಪಾಲು, ತಲಾ 12. ಒಬ್ಬೊಬ್ಬ ಗಂಡುಮಗನಿಗೆ ಕಮ್ಮಿಯಾಗಿದ್ದು 3 ಗುಂಟೆ, ಅಂದರೆ 3,267 ಚದರ ಅಡಿ. ಕೆ.ಆರ್. ಪುರದಲ್ಲಿ ಅದು ಎರಡೂವರೆಗಿಂತ ಹೆಚ್ಚು ಸೈಟು. ಸಣ್ಣ ಮೊತ್ತ ಅಲ್ಲ. ಸಹಿ ಹಾಕಿ ಬಂದ ದಿನ ಮನೆಯಲ್ಲಿ ಸೂತಕದ ಹಾಗಿತ್ತು.

2022ರ ಹೊಸತೊಡಕು ಏಪ್ರಿಲ್ 3, ಭಾನುವಾರ. ಟೀವಿಯಲ್ಲಿ ಹಲಾಲ್ ಮಾಂಸ ತಿನ್ನಬೇಕೋ ಬೇಡವೋ ಅಂತ ದೊಡ್ಡ ಗಲಾಟೆ. ನಮ್ಮ ಮನೆ ಹಿತ್ತಲಲ್ಲಿ ಬೇರೆಯೇ ಲೆಕ್ಕ. ಕೊಯ್ಯೋಕೆ ಬಂದವನಿಗೆ ಅಪ್ಪ ತಣ್ಣಗೆ ಹೇಳಿದರು: "ಈ ಸಲ ಐದು ಹಾಕಪ್ಪ." ಅವನಿಗೆ ಅರ್ಥವಾಗಲಿಲ್ಲ, ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಏನೂ ಅನ್ನಲಿಲ್ಲ. ಗುಡ್ಡೆ ಹಾಕಿ ಮುಗಿಸೋ ಹೊತ್ತಿಗೆ ಬಗ್ಗಿ ನೋಡಿ, "ಆ ಕೊನೇದಕ್ಕೆ ಲಿವರ್ ಬಿದ್ದಿಲ್ಲ ನೋಡೋ" ಅಂದರು. ಹದಿನೈದು ವರ್ಷ ಕೋರ್ಟಿಗೆ ಅಲೆದು ಮೂರು ಗುಂಟೆಗೆ ಜಗಳ ಆಡಿದ ಮನುಷ್ಯ, ಒಂದು ಚೂರು ಲಿವರಿನ ವಿಷಯದಲ್ಲಿ ಅಕ್ಕನಿಗೆ ಮೋಸ ಆಗೋಕೆ ಬಿಡಲಿಲ್ಲ.

ಅತ್ತೆ ಹನ್ನೊಂದು ಗಂಟೆಗೆ ಬಂದರು. ಅಮ್ಮ ಊಟಕ್ಕೆ ಎಬ್ಬಿಸದೇ ಬಿಡಲ್ಲ ಅಂತ ಹಟ ಹಿಡಿದರೂ ಕೂರಲಿಲ್ಲ. "ಮನೇಲಿ ಖಾರ ರುಬ್ಬಿಟ್ಟು ಬಂದಿದೀನಿ ಕಣಮ್ಮ" ಅಂದು, ತಮ್ಮ ಗುಡ್ಡೆಯನ್ನ ತಾವೇ ತಂದಿದ್ದ ಪಾತ್ರೆಗೆ ತುಂಬಿಕೊಂಡರು. ನನಗೆ ಮೊದಲು ಬೇಜಾರಾಯಿತು. ಆಮೇಲೆ ಹೊಳೆಯಿತು. ಇಷ್ಟು ವರ್ಷ ಈ ಮನೆಯಿಂದ ಅವರಿಗೆ ಬೇಯಿಸಿದ್ದು ಹೋಗ್ತಿತ್ತು, ಅವತ್ತು ಮೊದಲ ಸಲ ಹಸಿದು ಸಿಕ್ಕಿತ್ತು. ಅದನ್ನ ತಮ್ಮ ಒಲೆ ಮೇಲೇ ಬೇಯಿಸಬೇಕಿತ್ತು ಅವರಿಗೆ. ನ್ಯಾಯಾಲಯದ ಡಿಕ್ರಿಗಿಂತ ಆ ಪಾತ್ರೆ ಅವರಿಗೆ ಭಾರವಾಗಿತ್ತೇನೋ. ಎಲ್ಲಾ ಸರಿಹೋಯ್ತು ಅಂತ ನಾನು ಹೇಳಲ್ಲ. ಒಬ್ಬ ಚಿಕ್ಕಮ್ಮ ಇವತ್ತಿಗೂ ಅವರ ಜೊತೆ ಮಾತಾಡಲ್ಲ. ಆದರೆ ಅವತ್ತಿಂದ ಗುಡ್ಡೆ ಐದೇ.

ಗುಡ್ಡೆಯನ್ನ ಹೊಗಳಿ ಮುಗಿಸಿಬಿಡೋದು ಸುಲಭ. ಆದರೆ ಯಾರಿಗೆ ಪಾಲಿದೆ ಅಂತ ಹೇಳೋ ಊಟ, ಯಾರಿಗಿಲ್ಲ ಅಂತಲೂ ಹೇಳುತ್ತೆ. ನಮ್ಮೂರಲ್ಲಿ ಊರಿನ ಗುಡ್ಡೆ ಬೇರೆ, ಕಾಲೊನಿಯ ಗುಡ್ಡೆ ಬೇರೆ ಇತ್ತು. ವರ್ಷವಿಡೀ ನಮ್ಮ ಹೊಲದಲ್ಲಿ ದುಡಿದವರು ಹಬ್ಬದ ದಿನ ಹಿತ್ತಲ ಬಾಗಿಲಲ್ಲಿ ನಿಂತು ಸಾರು ಈಸಿಕೊಂಡು ಹೋಗೋರು. ಬೇಯಿಸಿದ್ದು ಪ್ರೀತಿಯಿಂದಲೂ ಕೊಡಬಹುದು, ದೂರ ಇಡೋಕೂ ಕೊಡಬಹುದು. ಎರಡಕ್ಕೂ ಪಾತ್ರೆ ಒಂದೇ. 2025ರಲ್ಲಿ ಹೊಸತೊಡಕು, ರಂಜಾನ್ ಹಬ್ಬ ಎರಡೂ ಮಾರ್ಚ್ 31ಕ್ಕೇ ಬಿತ್ತು. ಸೋಮವಾರ ಅಂತ ನಾವು ಬಾಡನ್ನ ಮಂಗಳವಾರಕ್ಕೆ ದಾಟಿಸಿದೆವು. ಪಕ್ಕದ ಮನೆಯವರ ಬಿರಿಯಾನಿ ಸೋಮವಾರ ಬಂದು ಫ್ರಿಜ್ ಸೇರಿತು, ನಮ್ಮ ಒಬ್ಬಟ್ಟು ಅವರ ಮನೆಗೆ ಹೋಯ್ತು. ಇದು ಮೊದಲ ಬಗೆಯದು. ಬಾಗಿಲು ಯಾವುದು ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ನಮ್ಮ ಆಫೀಸಿನ ಅಮೆರಿಕದ ಕ್ಲೈಂಟುಗಳು ನವೆಂಬರಿನ ನಾಲ್ಕನೇ ಗುರುವಾರ ಫೋನಿಗೂ ಸಿಗಲ್ಲ. ಥ್ಯಾಂಕ್ಸ್‌ಗಿವಿಂಗ್. ಅದು ಇಡೀ ದೇಶದ ಹಬ್ಬ ಅಂತ ಲಿಂಕನ್ ಘೋಷಿಸಿದ್ದು 1863ರಲ್ಲಿ, ಅಲ್ಲಿ ಅಣ್ಣತಮ್ಮಂದಿರೇ ಎರಡು ಸೈನ್ಯವಾಗಿ ಒಬ್ಬರನ್ನೊಬ್ಬರು ಕೊಲ್ತಿದ್ದ ವರ್ಷ. ಮನೆ ಚೆನ್ನಾಗಿದ್ದಾಗ ಜನ ಹಬ್ಬದ ಊಟಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಒಡೆದಾಗಲೇ ಅದರ ಬೆಲೆ ಗೊತ್ತಾಗೋದು. ಅಷ್ಟೇ ಯಾಕೆ, ನಾವು ದಿನಾ ಹೋಗೋ ಕಂಪನಿ ಅನ್ನೋ ಮಾತಿಗೂ ಲ್ಯಾಟಿನ್ ಮೂಲದಲ್ಲಿ ಒಟ್ಟಿಗೆ ರೊಟ್ಟಿ ತಿನ್ನೋರು ಅಂತಲೇ ಅರ್ಥ.

ನಮ್ಮ ಹೋಬಳಿಯಲ್ಲಿ ಈಗ ಹೊಲ ಇಲ್ಲ, ಕಣ ಇಲ್ಲ, ಹಗೇವು ಎಲ್ಲಿತ್ತು ಅಂತ ತೋರಿಸೋರೂ ಇಲ್ಲ. ನೆಲ ಅಪಾರ್ಟ್‌ಮೆಂಟ್ ಆಯಿತು, ಊರು ನಗರಸಭೆ ಆಗಿ, ಬಿಬಿಎಂಪಿ ಆಗಿ, 2025ರಲ್ಲಿ ಬೆಂಗಳೂರು ಪೂರ್ವ ಪಾಲಿಕೆ ಆಯಿತು. ಇಷ್ಟೆಲ್ಲ ಹೋದ ಮೇಲೂ, ಈ ಮನೆಯಲ್ಲಿ ಯಾರಿಗೆ ಪಾಲಿದೆ ಅಂತ ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರು ಎಣಿಸಿ ತೋರಿಸೋ ಜಾಗ ಈ ಒಂದು ಊಟ ಮಾತ್ರ. ಅದಕ್ಕೇ ಇದು ತಪ್ಪಿದರೆ ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸು ಕೂಗೋದು. ಎಣಿಕೆಯಲ್ಲಿ ನಾವು ಬಿಟ್ಟುಹೋದೆವಾ ಅನ್ನೋ ಭಯ ಅದು.

ನನಗೂ ಒಬ್ಬ ತಮ್ಮ ಇದ್ದಾನೆ. ಅಪ್ಪನಿಗೆ ಬಂದ ಹನ್ನೆರಡು ಗುಂಟೆ ಕಾನೂನಿನ ಪ್ರಕಾರ ನಮ್ಮಿಬ್ಬರಿಗೂ ಸೇರುತ್ತೆ, ಅದರ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಮುಂದಿನ ಯುಗಾದಿಗೆ ನಾನು ಜ್ವರದ ನೆಪ ಹೇಳದೇ ನೇರವಾಗಿ ರಜೆ ಹಾಕ್ತೀನಿ. ನಸುಕಿಗೇ ಎದ್ದು ಹಿತ್ತಲಿಗೆ ಹೋಗ್ತೀನಿ. ನೀವೂ ಊರಿಗೆ ಹೋದರೆ ಸಾರು ಇಳಿಯೋವರೆಗೆ ಮಲಗಿರಬೇಡಿ. ಗುಡ್ಡೆ ಹಾಕೋ ಹೊತ್ತಿಗೆ ಎದ್ದು ಎಷ್ಟಿವೆ ಅಂತ ಎಣಿಸಿ. ಮನೆಯಲ್ಲಿ ಯಾರ ಹೆಸರಿಗೆ ಗುಡ್ಡೆ ಇಲ್ಲ ಅಂತ ಒಮ್ಮೆ ಕೇಳಿ.